ಐರ್ಲೆಂಡಿನ ಮೇಲ್ಮನೆ: ಆರಿಸುವವರು ಯಾರು, ನಡೆಸುವವರು ಯಾರು?

2025ರ ಫೆಬ್ರವರಿ 12ರಂದು ಡಬ್ಲಿನ್‌ನ ಲೆನ್‌ಸ್ಟರ್ ಹೌಸ್‌ನಲ್ಲಿ ಐರ್ಲೆಂಡಿನ ಸಂಸತ್ತಿನ ಮೇಲ್ಮನೆ ‘ಶಾನಡ್ ಏರನ್’ ಹೊಸದಾಗಿ ಸೇರಿತು. ಅಧಿಕೃತ ಎಣಿಕೆಯಲ್ಲಿ ಇದು 27ನೆಯ ಶಾನಡ್. ಫಿಯಾನ ಫಾಲ್ ಪಕ್ಷದ ಮಾರ್ಕ್ ಡೇಲಿ ಅಂದು ಸಭಾಪತಿಯಾಗಿ ಆಯ್ಕೆಯಾದರು. ಸಭಾನಾಯಕನ ಹೊಣೆ ಫಿನ ಗೇಲ್ ಪಕ್ಷದ ಶಾನ್ ಕೈನ್ ಅವರ ಪಾಲಾಯಿತು. ಸರ್ಕಾರ ನಡೆಸುತ್ತಿರುವ ಎರಡು ದೊಡ್ಡ ಪಕ್ಷಗಳಿಗೆ ಎರಡು ದೊಡ್ಡ ಸ್ಥಾನಗಳು ಒಂದೊಂದಾಗಿ ಸಂದವು. ಅರವತ್ತು ಸ್ಥಾನಗಳ ಸದನದಲ್ಲಿ ಫಿಯಾನ ಫಾಲ್‌ಗೆ 19, ಫಿನ ಗೇಲ್‌ಗೆ 18 ಸದಸ್ಯರಿದ್ದಾರೆ. ಶಿನ್ ಫೇನ್‌ಗೆ 6, ಲೇಬರ್ ಪಕ್ಷಕ್ಕೆ 2, ಸೋಷಿಯಲ್ ಡೆಮಾಕ್ರಾಟ್ಸ್, ಗ್ರೀನ್ ಮತ್ತು ಓನ್‌ಟೂ ಪಕ್ಷಗಳಿಗೆ ಒಂದೊಂದು ಸ್ಥಾನವಿದ್ದು, ಉಳಿದ 12 ಮಂದಿ ಪಕ್ಷೇತರರು. ಇಂಥ ಸದನದಲ್ಲಿ ಸಭಾಪತಿ ಯಾರಾಗಬೇಕು ಎಂಬ ಪ್ರಶ್ನೆ ಚರ್ಚೆಯ ಕಾವಿನಲ್ಲಿ ತೀರ್ಮಾನವಾಗುವುದಿಲ್ಲ. ಸದಸ್ಯರು ಹೇಗೆ ಬಂದು ಸೇರುತ್ತಾರೋ ಆ ದಾರಿಯಲ್ಲೇ ಅದು ಇತ್ಯರ್ಥವಾಗಿರುತ್ತದೆ. ಶಾನಡ್ ಕುರಿತ ವಾದವಿವಾದಗಳಲ್ಲಿ ಹೆಚ್ಚಿನವು ‘ಇದು ಬೇಕೇ, ಬೇಡವೇ’ ಎಂಬಲ್ಲಿಗೆ ಹೋಗಿ ನಿಲ್ಲುತ್ತವೆ. ನಿಜವಾಗಿ ಕೇಳಬೇಕಾದ ಪ್ರಶ್ನೆ ಇದನ್ನು ಆರಿಸುವ ಹಕ್ಕು ಯಾರ ಕೈಯಲ್ಲಿದೆ ಎಂಬುದು.

ಅರವತ್ತು ಮಂದಿ ಮೂರು ದಾರಿಗಳಿಂದ ಬರುತ್ತಾರೆ. 43 ಮಂದಿ ಐದು ವೃತ್ತಿ ವಲಯಗಳ ಪಟ್ಟಿಗಳಿಂದ ಚುನಾಯಿತರಾಗುತ್ತಾರೆ: ಭಾಷೆ, ಸಂಸ್ಕೃತಿ ಮತ್ತು ಶಿಕ್ಷಣದ ಪಟ್ಟಿಯಿಂದ 5, ಕೃಷಿ ಪಟ್ಟಿಯಿಂದ 11, ಕಾರ್ಮಿಕ ಪಟ್ಟಿಯಿಂದ 11, ಕೈಗಾರಿಕೆ ಮತ್ತು ವಾಣಿಜ್ಯದ ಪಟ್ಟಿಯಿಂದ 9, ಸಾರ್ವಜನಿಕ ಆಡಳಿತ ಮತ್ತು ಸಮಾಜಸೇವೆಯ ಪಟ್ಟಿಯಿಂದ 7. ಆರು ಮಂದಿಯನ್ನು ವಿಶ್ವವಿದ್ಯಾಲಯಗಳ ಪದವೀಧರರು ಆರಿಸುತ್ತಾರೆ. 2025ರ ಚುನಾವಣೆಯವರೆಗೆ ಅವರಲ್ಲಿ ಮೂವರು ನ್ಯಾಷನಲ್ ಯೂನಿವರ್ಸಿಟಿ ಆಫ್ ಐರ್ಲೆಂಡ್‌ನಿಂದ, ಮೂವರು ಟ್ರಿನಿಟಿ ಕಾಲೇಜು ಇರುವ ಡಬ್ಲಿನ್ ವಿಶ್ವವಿದ್ಯಾಲಯದಿಂದ ಬರುತ್ತಿದ್ದರು. ಮಿಕ್ಕ 11 ಮಂದಿಯನ್ನು ಪ್ರಧಾನಿ ನೇರವಾಗಿ ನಾಮನಿರ್ದೇಶನ ಮಾಡುತ್ತಾರೆ. ಕರ್ನಾಟಕದ ಓದುಗರಿಗೆ ಈ ವಿನ್ಯಾಸ ಅಪರಿಚಿತವೆನಿಸದು. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿಯೂ ಪದವೀಧರ ಕ್ಷೇತ್ರದವರಿದ್ದಾರೆ, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಆರಿಸಿದವರಿದ್ದಾರೆ, ಕಾಕತಾಳೀಯವಾಗಿ ನಾಮನಿರ್ದೇಶಿತರ ಸಂಖ್ಯೆಯೂ 11.

ಈ ಹೋಲಿಕೆಗೆ ಒಂದು ಇತಿಹಾಸವೂ ಇದೆ. ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಹಲವು ದೇಶಗಳ ಸಂವಿಧಾನ ವ್ಯವಸ್ಥೆಗಳನ್ನು ಅಭ್ಯಸಿಸಲು ಹೋದಾಗ ಡಬ್ಲಿನ್‌ನಲ್ಲಿ ಐರಿಷ್ ಪ್ರಧಾನಿ ಏಮನ್ ಡಿ ವಲೆರಾ ಅವರನ್ನು ಭೇಟಿಯಾಗಿದ್ದರು. 1948ರ ಕರಡು ಸಂವಿಧಾನದ 150ನೆಯ ವಿಧಿ ರಾಜ್ಯಗಳ ವಿಧಾನ ಪರಿಷತ್ತುಗಳ ಅರ್ಧದಷ್ಟು ಸದಸ್ಯರನ್ನು ಐರಿಷ್ ಮಾದರಿಯ ವೃತ್ತಿ ಪಟ್ಟಿಗಳಿಂದಲೇ ಆರಿಸಬೇಕೆಂದು ಸೂಚಿಸಿತ್ತು. ಸಂವಿಧಾನ ಸಭೆ ಅದನ್ನು ಕೈಬಿಟ್ಟು ಈಗಿನ 171ನೆಯ ವಿಧಿಯ ಕ್ರಮಕ್ಕೆ ಬಂದಿತು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳ ಹೆಸರಿನಲ್ಲಿ ರಾಜ್ಯಸಭೆಗೆ 12 ಮಂದಿಯನ್ನು ನಾಮನಿರ್ದೇಶನ ಮಾಡುವ ಪದ್ಧತಿಯಲ್ಲಿ ಐರಿಷ್ ಚಿಂತನೆಯ ನೆರಳು ಇಂದಿಗೂ ಉಳಿದಿದೆ. ನಾವು ಬಿಟ್ಟುಬಂದ ಆ ಪಟ್ಟಿಗಳ ಪದ್ಧತಿಯನ್ನು ಐರ್ಲೆಂಡ್ ಎಂಟು ದಶಕಗಳಿಗೂ ಹೆಚ್ಚು ಕಾಲ ನಡೆಸಿಕೊಂಡು ಬಂದಿದೆ. ಅದರ ಫಲವೇನು ಎಂಬುದನ್ನು ನಾವು ಆಸಕ್ತಿಯಿಂದ ನೋಡಬೇಕಾದುದಕ್ಕೆ ಇದೊಂದು ಕಾರಣ.

ಪಟ್ಟಿಗಳ ಹಿಂದಿದ್ದ ಆಶಯ ದೊಡ್ಡದು. 1931ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಹೊರಡಿಸಿದ ಪರಿಪತ್ರವು ಸಮಾಜವನ್ನು ವರ್ಗಗಳಾಗಿ ಒಡೆಯದೆ ವೃತ್ತಿ ಸಮುದಾಯಗಳ ಆಧಾರದ ಮೇಲೆ ಕಟ್ಟಬೇಕೆಂದು ಹೇಳಿತ್ತು, ಮತ್ತು ಆ ಕಾಲದ ಕ್ಯಾಥೊಲಿಕ್ ಐರ್ಲೆಂಡಿನಲ್ಲಿ ಆ ವಿಚಾರಕ್ಕೆ ಬಲವಾದ ಬೆಂಬಲವಿತ್ತು. ಅದಕ್ಕೂ ಮೊದಲು, 1922ರಲ್ಲಿ ಸ್ಥಾಪನೆಯಾದ ಐರಿಷ್ ಮುಕ್ತ ರಾಜ್ಯಕ್ಕೆ ಬೇರೊಂದು ಸೆನೆಟ್ ಇತ್ತು. ಹೊಸ ದೇಶದಲ್ಲಿ ಅಲ್ಪಸಂಖ್ಯಾತರಾಗಿ ಉಳಿದಿದ್ದ ಯೂನಿಯನಿಸ್ಟರಿಗೆ, ಅಂದರೆ ಬ್ರಿಟನ್‌ನೊಂದಿಗಿನ ಒಕ್ಕೂಟವನ್ನು ಬಯಸುತ್ತಿದ್ದವರಿಗೆ, ದನಿ ಸಿಗಬೇಕೆಂದು ಅದರ ಮೊದಲ 60 ಸದಸ್ಯರಲ್ಲಿ 30 ಮಂದಿಯನ್ನು ಸರ್ಕಾರದ ಮುಖ್ಯಸ್ಥ ಡಬ್ಲ್ಯು. ಟಿ. ಕಾಸ್‌ಗ್ರೇವ್ ನಾಮನಿರ್ದೇಶನ ಮಾಡಿದ್ದರು. ಕವಿ ಡಬ್ಲ್ಯು. ಬಿ. ಯೇಟ್ಸ್ 1922ರಿಂದ 1928ರವರೆಗೆ ಅಲ್ಲಿ ಕೂತಿದ್ದು ಹೀಗೆಯೇ. ಆ ಸೆನೆಟ್‌ಗೆ 1925ರಲ್ಲಿ ಒಮ್ಮೆ ಮಾತ್ರ ನೇರ ಚುನಾವಣೆ ನಡೆಯಿತು. ಇಡೀ ದೇಶವೇ ಒಂದು ಕ್ಷೇತ್ರ, 19 ಸ್ಥಾನಗಳಿಗೆ 76 ಅಭ್ಯರ್ಥಿಗಳು. ಮತ ಹಾಕಲು ಬಂದವರು ಕಾಲು ಭಾಗಕ್ಕಿಂತ ಕಡಿಮೆ. ಐರಿಷ್ ಭಾಷಾ ಚಳವಳಿಯ ಹಿರಿಯ ಡಗ್ಲಸ್ ಹೈಡ್ ಅಲ್ಲಿ ಸೋತರು. ಮತಪತ್ರವನ್ನು ಓದಿ ಮುಗಿಸುವುದೇ ಕಷ್ಟವಾಗುವಂತೆ ನಡೆಸಿದ ಆ ಒಂದು ಪ್ರಯೋಗವನ್ನು ಮುಂದೆ ಇಟ್ಟುಕೊಂಡು, ಜನರಿಗೆ ಮೇಲ್ಮನೆಯ ಮತದಾನದಲ್ಲಿ ಆಸಕ್ತಿಯಿಲ್ಲ ಎಂಬ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ.

ತಮ್ಮ ಮಸೂದೆಗಳನ್ನು ತಡೆಹಿಡಿಯುತ್ತಿದ್ದ ಆ ಸೆನೆಟ್ಟನ್ನು ಡಿ ವಲೆರಾ 1936ರಲ್ಲಿ ರದ್ದುಗೊಳಿಸಿದರು. ಮರುವರ್ಷವೇ ಅವರು ರೂಪಿಸಿದ ಹೊಸ ಸಂವಿಧಾನದಲ್ಲಿ ಮೇಲ್ಮನೆ ಮತ್ತೆ ಬಂತು. ಈ ಸಲ ಅದು ಸರ್ಕಾರಕ್ಕೆ ಅಡ್ಡಬಾರದಂತೆ ಕಟ್ಟಿದ ಮನೆಯಾಗಿತ್ತು. ಸಂವಿಧಾನದ 18ನೆಯ ವಿಧಿಯು ಐದು ವಲಯಗಳಲ್ಲಿ ‘ಜ್ಞಾನ ಮತ್ತು ಪ್ರಾಯೋಗಿಕ ಅನುಭವ’ ಇರುವವರ ಪಟ್ಟಿಗಳನ್ನು ಸಿದ್ಧಪಡಿಸಬೇಕು ಎನ್ನುತ್ತದೆ. 19ನೆಯ ವಿಧಿಯು ಇನ್ನೂ ಮುಂದೆ ಹೋಗಿ, ವೃತ್ತಿ ಸಂಘಟನೆಗಳೇ ನೇರವಾಗಿ ತಮ್ಮ ಪ್ರತಿನಿಧಿಗಳನ್ನು ಆರಿಸುವಂತೆ ಕಾನೂನು ಮಾಡಲು ಅವಕಾಶ ಕೊಡುತ್ತದೆ. ಆ ಅವಕಾಶವನ್ನು ಇದುವರೆಗೆ ಯಾವ ಸರ್ಕಾರವೂ ಬಳಸಿಲ್ಲ.

ಹಾಗಾದರೆ ಕೃಷಿ ಪಟ್ಟಿಯ 11 ಮಂದಿಯನ್ನು ರೈತರು, ಕಾರ್ಮಿಕ ಪಟ್ಟಿಯ 11 ಮಂದಿಯನ್ನು ಕಾರ್ಮಿಕರು ಆರಿಸುತ್ತಾರೆಯೇ? ಇಲ್ಲ. ಐದೂ ಪಟ್ಟಿಗಳಿಗೆ ಮತ ಹಾಕುವವರು ಒಂದೇ ಗುಂಪಿನವರು: ಕೆಳಮನೆ ‘ಡಾಲ್’ನ 174 ಸದಸ್ಯರು, ನಿರ್ಗಮಿಸುತ್ತಿರುವ ಶಾನಡ್‌ನ ಸದಸ್ಯರು ಮತ್ತು ದೇಶದ ನಗರ ಹಾಗೂ ಕೌಂಟಿ ಕೌನ್ಸಿಲ್‌ಗಳ 949 ಕೌನ್ಸಿಲರ್‌ಗಳು. ಒಟ್ಟು ಸುಮಾರು 1,180 ಮತದಾರರು. ಐವತ್ತು ಲಕ್ಷಕ್ಕೂ ಹೆಚ್ಚು ಜನರಿರುವ ದೇಶದಲ್ಲಿ ಮೇಲ್ಮನೆಯ 43 ಸ್ಥಾನಗಳು ಇಷ್ಟು ಮಂದಿಯ ಕೈಯಲ್ಲಿವೆ. ಅಭ್ಯರ್ಥಿಗಳಲ್ಲಿ ಕೆಲವರನ್ನು ರಾಯಲ್ ಐರಿಷ್ ಅಕಾಡೆಮಿ, ರಾಯಲ್ ಡಬ್ಲಿನ್ ಸೊಸೈಟಿ, ಕಾರ್ಮಿಕ ಸಂಘಗಳ ಒಕ್ಕೂಟದಂತಹ ನೋಂದಾಯಿತ ಸಂಸ್ಥೆಗಳು ಸೂಚಿಸುತ್ತವೆ, ಇನ್ನು ಕೆಲವರನ್ನು ಸಂಸತ್ತಿನ ನಾಲ್ವರು ಸದಸ್ಯರು ಸೇರಿ ಸೂಚಿಸಬಹುದು, ಮತ್ತು ಎರಡೂ ಉಪಪಟ್ಟಿಗಳಿಂದ ಕನಿಷ್ಠ ಇಷ್ಟು ಮಂದಿ ಗೆಲ್ಲಲೇಬೇಕೆಂಬ ನಿಯಮವಿದೆ. ಆದರೆ ಯಾವ ಸಂಸ್ಥೆ ಸೂಚಿಸಿದ್ದರೂ ಗೆಲ್ಲಿಸುವವರು ಪಕ್ಷಗಳ ಚುನಾಯಿತ ಪ್ರತಿನಿಧಿಗಳೇ ಆಗಿರುವುದರಿಂದ, ಅಭ್ಯರ್ಥಿಗೆ ಹೈನುಗಾರಿಕೆಯ ಜ್ಞಾನಕ್ಕಿಂತ ಪಕ್ಷದೊಳಗಿನ ಪರಿಚಯ ಹೆಚ್ಚು ನೆರವಿಗೆ ಬರುತ್ತದೆ.

ಈ ಚುನಾವಣೆಯ ಪ್ರಚಾರವೂ ವಿಶಿಷ್ಟವಾದುದು. ಸಾರ್ವಜನಿಕ ಸಭೆಗಳಿಲ್ಲ. ಅಭ್ಯರ್ಥಿಗಳು ಚಳಿಗಾಲದ ಮಳೆಯಲ್ಲಿ ಡಾನಿಗಾಲ್‌ನಿಂದ ಕಾರ್ಕ್‌ವರೆಗೆ ಕಾರು ಓಡಿಸಿಕೊಂಡು ಹೋಗಿ ಕೌನ್ಸಿಲರ್‌ಗಳನ್ನು ಒಬ್ಬೊಬ್ಬರನ್ನಾಗಿ ಕಂಡು ಮತ ಕೇಳುತ್ತಾರೆ. ಮತದಾನ ಅಂಚೆಯ ಮೂಲಕ, ಪ್ರಾಶಸ್ತ್ಯ ಮತಗಳ ಕ್ರಮದಲ್ಲಿ ನಡೆಯುತ್ತದೆ. ಮತದಾರರ ಸಂಖ್ಯೆ ಅಷ್ಟು ಚಿಕ್ಕದಾದ್ದರಿಂದ, ಹೆಚ್ಚುವರಿ ಮತಗಳನ್ನು ವರ್ಗಾಯಿಸುವಾಗ ಭಾಗಲಬ್ಧ ಸರಿಹೊಂದಲೆಂದು ಪ್ರತಿ ಮತಪತ್ರಕ್ಕೂ 1,000 ಮೌಲ್ಯ ನೀಡಿ ಎಣಿಸುತ್ತಾರೆ. ನಮ್ಮ ರಾಜ್ಯಸಭಾ ಚುನಾವಣೆಯಲ್ಲಿ ಪ್ರತಿ ಮತಪತ್ರಕ್ಕೆ 100 ಮೌಲ್ಯ ಕೊಡುವಂತೆ. ನಡುವೆ ಸ್ಥಾನವೊಂದು ತೆರವಾದರೆ ಕೌನ್ಸಿಲರ್‌ಗಳಿಗೂ ಮತವಿಲ್ಲ. ಡಾಲ್ ಮತ್ತು ಶಾನಡ್ ಸದಸ್ಯರು ಮಾತ್ರ ಮತ ಹಾಕುತ್ತಾರೆ, ಅಂದರೆ ಸರ್ಕಾರಕ್ಕೆ ಬಹುಮತವಿರುವಾಗ ಉಪಚುನಾವಣೆಯ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಎರಡೂ ವಿಶ್ವವಿದ್ಯಾಲಯಗಳ ಪದವಿ ಪಡೆದ ಕೌನ್ಸಿಲರ್ ಒಬ್ಬರು ಐದು ಪಟ್ಟಿಗಳಿಗೂ ಎರಡು ವಿಶ್ವವಿದ್ಯಾಲಯ ಕ್ಷೇತ್ರಗಳಿಗೂ ಸೇರಿ ಏಳು ಮತಪತ್ರ ಪಡೆಯಬಹುದಾಗಿತ್ತು, ಅವರ ಪಕ್ಕದ ಮನೆಯ ಬಸ್ ಚಾಲಕನಿಗೆ ಒಂದೂ ಇಲ್ಲ. ಗಣರಾಜ್ಯವೊಂದಕ್ಕೆ ಇದು ಶೋಭಿಸುವ ವ್ಯವಸ್ಥೆಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ನಾಮನಿರ್ದೇಶನದ ವಿಷಯ ಇದಕ್ಕಿಂತ ಸಂಕೀರ್ಣ. ಈ 11 ಸ್ಥಾನಗಳ ಮೂಲ ಉದ್ದೇಶವೇ ಪ್ರಧಾನಿಗೆ ಮೇಲ್ಮನೆಯಲ್ಲಿ ಬಹುಮತ ಖಾತ್ರಿಪಡಿಸುವುದು, ಮತ್ತು ಅವು ಬಹುಪಾಲು ಅದಕ್ಕೇ ಬಳಕೆಯಾಗಿವೆ. ಡಾಲ್ ಚುನಾವಣೆಯಲ್ಲಿ ಸೋತ ನಾಯಕರಿಗೆ ಆಸರೆ, ಮುಂದಿನ ಸಲ ನಿಲ್ಲಲಿರುವ ಯುವ ಮುಖಗಳಿಗೆ ವೇದಿಕೆ, ಮೈತ್ರಿಯ ಚಿಕ್ಕ ಪಕ್ಷಕ್ಕೆ ಕೊಡಬೇಕಾದ ಪಾಲು ಎಲ್ಲವೂ ಈ ಹನ್ನೊಂದರೊಳಗೇ ಹೊಂದಿಕೆಯಾಗುತ್ತವೆ. ಆದರೂ ಶಾನಡ್‌ನ ಅತ್ಯಂತ ಗೌರವದ ಹೆಸರುಗಳಲ್ಲಿ ಹಲವು ಇದೇ ಬಾಗಿಲಿನಿಂದ ಬಂದಿವೆ. 1982ರಲ್ಲಿ ಚಾರ್ಲ್ಸ್ ಹಾಹಿ ಉತ್ತರ ಐರ್ಲೆಂಡಿನ ಶೇಮಸ್ ಮ್ಯಾಲನ್ ಅವರನ್ನು ನಾಮನಿರ್ದೇಶನ ಮಾಡಿದರು. ಅದೇ ಕಾರಣಕ್ಕೆ ಮ್ಯಾಲನ್ ಉತ್ತರದ ವಿಧಾನಸಭೆಯ ಸದಸ್ಯತ್ವ ಕಳೆದುಕೊಳ್ಳಬೇಕಾಯಿತು. 1987ರ ಎನಿಸ್ಕಿಲನ್ ಬಾಂಬ್ ಸ್ಫೋಟದಲ್ಲಿ ಮಗಳನ್ನು ಕಳೆದುಕೊಂಡು, ಸೇಡಿನ ಮಾತಾಡದೆ ಶಾಂತಿಗಾಗಿ ನಿಂತ ಗಾರ್ಡನ್ ವಿಲ್ಸನ್ ಅವರನ್ನು ಆಲ್ಬರ್ಟ್ ರೆನಲ್ಡ್ಸ್ 1993ರಲ್ಲಿ ಶಾನಡ್‌ಗೆ ಕರೆತಂದರು. ಶತಮಾನಗಳಿಂದ ಅಲೆಮಾರಿಗಳೆಂದು ಅವಮಾನ ಅನುಭವಿಸಿದ ಟ್ರಾವೆಲರ್ ಸಮುದಾಯದ ಐಲೀನ್ ಫ್ಲಿನ್ 2020ರಲ್ಲಿ ಮಿಹಾಲ್ ಮಾರ್ಟಿನ್ ಅವರ ನಾಮನಿರ್ದೇಶನದಿಂದ ಸಂಸತ್ತು ಪ್ರವೇಶಿಸಿದರು. ಆ ಸಮುದಾಯದ ಮಹಿಳೆಯೊಬ್ಬರು ಐರಿಷ್ ಸಂಸತ್ತಿಗೆ ಬಂದದ್ದು ಅದೇ ಮೊದಲು.

ಮಕ್ಕಳ ಹಕ್ಕುಗಳ ಒಕ್ಕೂಟದಲ್ಲಿ ದುಡಿದಿದ್ದ ಜಿಲಿಯನ್ ವಾನ್ ಟರ್ನ್‌ಹೌಟ್ ಅವರ ಉದಾಹರಣೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಎಂಡಾ ಕೆನಿ 2011ರಲ್ಲಿ ಅವರನ್ನು ನಾಮನಿರ್ದೇಶನ ಮಾಡಿದರು. ಮಕ್ಕಳನ್ನು ಹೊಡೆದ ಪೋಷಕರು ನ್ಯಾಯಾಲಯದಲ್ಲಿ ‘ಮಿತವಾದ ಶಿಕ್ಷೆ’ ಎಂದು ಸಮರ್ಥಿಸಿಕೊಳ್ಳಲು ಹಳೆಯ ಕಾನೂನಿನಲ್ಲಿ ಇದ್ದ ಅವಕಾಶವನ್ನು 2015ರಲ್ಲಿ ತೆಗೆದುಹಾಕಿದ್ದು ಶಾನಡ್‌ನಲ್ಲಿ ಅವರು ತಂದ ತಿದ್ದುಪಡಿಯ ಮೂಲಕ. ಮತದಾರರ ಮುಂದೆ ಹೋಗಿ ಗೆಲ್ಲುವುದು ಅವರಿಗೆ ಸಾಧ್ಯವಾಗುತ್ತಿತ್ತೋ ಇಲ್ಲವೋ. ಸದನಕ್ಕೆ ಬಂದ ಮೇಲೆ ಅವರು ಮಾಡಿದ ಕೆಲಸ ಮಾತ್ರ ಯಾವ ಚುನಾಯಿತ ಸದಸ್ಯರ ಕೆಲಸಕ್ಕೂ ಕಡಿಮೆಯದಲ್ಲ. ಆದ್ದರಿಂದ ನಾಮನಿರ್ದೇಶನವನ್ನು ಪೂರ್ತಿ ಕಿತ್ತುಹಾಕಬೇಕು ಎನ್ನುವವರ ಜೊತೆ ನಾನಿಲ್ಲ. ಬಹುಮತದ ಲೆಕ್ಕಕ್ಕೆ ಅದನ್ನು ಸವೆಸುವುದಷ್ಟೇ ತಪ್ಪು.

ಆ ಲೆಕ್ಕದ ಮೇಲೆ ಸದನದ ಅಸ್ತಿತ್ವವೇ ನಿಂತಿದೆ ಎಂಬುದು 2020ರಲ್ಲಿ ಬಯಲಾಯಿತು. ಆ ವರ್ಷ ಫೆಬ್ರವರಿ 8ರಂದು ಡಾಲ್ ಚುನಾವಣೆ ನಡೆಯಿತು. ಯಾರಿಗೂ ಬಹುಮತ ಬರಲಿಲ್ಲ. ವಸಂತಕಾಲದ ಹೊತ್ತಿಗೆ ಶಾನಡ್‌ನ 49 ಸದಸ್ಯರು ಚುನಾಯಿತರಾಗಿದ್ದರು. ಆದರೆ ಹೊಸ ಪ್ರಧಾನಿ ಆಯ್ಕೆಯಾಗದೆ 11 ಮಂದಿಯ ನಾಮನಿರ್ದೇಶನ ಸಾಧ್ಯವಿರಲಿಲ್ಲ. ಕೋವಿಡ್‌ನ ಅತ್ಯಂತ ಕಠಿಣ ತಿಂಗಳುಗಳಲ್ಲಿ ಮೇಲ್ಮನೆ ಸೇರಲಾಗದೆ ಉಳಿಯಿತು, ಮೇಲ್ಮನೆಯಿಲ್ಲದೆ ಯಾವ ಕಾನೂನೂ ಅಂಗೀಕಾರವಾಗುವಂತಿರಲಿಲ್ಲ. ಕೆಲವು ಸೆನೆಟರ್‌ಗಳು ನ್ಯಾಯಾಲಯಕ್ಕೆ ಹೋದರು. ಅರವತ್ತೂ ಸ್ಥಾನ ತುಂಬದೆ ಸದನ ವಿಧಿವತ್ತಾಗಿ ರಚನೆಯಾಗದು ಎಂದು ಹೈಕೋರ್ಟ್ ಜೂನ್ ಕೊನೆಯಲ್ಲಿ ತೀರ್ಪು ಕೊಟ್ಟಿತು. ಜೂನ್ 27ರಂದು ಮಿಹಾಲ್ ಮಾರ್ಟಿನ್ ಪ್ರಧಾನಿಯಾದ ಮೇಲೆ, 29ರಂದು ಶಾನಡ್ ಸೇರಿತು. ಒಬ್ಬ ವ್ಯಕ್ತಿಯ ಆಯ್ಕೆಯಾಗುವವರೆಗೆ ಸಂಸತ್ತಿನ ಒಂದು ಸದನ ಹುಟ್ಟಲಾರದು ಎಂಬ ಈ ಸ್ಥಿತಿಯನ್ನು ಸರಿಪಡಿಸುವ ಕೆಲಸ ಇನ್ನೂ ಆಗಿಲ್ಲ.

ಇನ್ನು ನಾಯಕತ್ವ. ಸಭಾಪತಿ ಸ್ಥಾನ ಹೊರನೋಟಕ್ಕೆ ಕಾಣುವಷ್ಟು ಅಲಂಕಾರಿಕವಲ್ಲ. ಚರ್ಚೆ ನಡೆಸುವುದು, ಮತಗಳು ಸಮವಾದಾಗ ನಿರ್ಣಾಯಕ ಮತ ಹಾಕುವುದು ಸದನದೊಳಗಿನ ಕೆಲಸ. ಅದರಾಚೆಗೆ, ರಾಷ್ಟ್ರಾಧ್ಯಕ್ಷರು ವಿದೇಶದಲ್ಲಿದ್ದಾಗ ಅಥವಾ ಆ ಹುದ್ದೆ ತೆರವಾದಾಗ ಅವರ ಅಧಿಕಾರವನ್ನು ಚಲಾಯಿಸುವ ಮೂವರ ಆಯೋಗದಲ್ಲಿ ಮುಖ್ಯ ನ್ಯಾಯಮೂರ್ತಿ ಮತ್ತು ಡಾಲ್‌ನ ಸ್ಪೀಕರ್ ಜೊತೆ ಶಾನಡ್ ಸಭಾಪತಿಯೂ ಇರುತ್ತಾರೆ. ಅಧ್ಯಕ್ಷರಿಗೆ ಸಲಹೆ ನೀಡುವ ರಾಜ್ಯ ಮಂಡಳಿಯಲ್ಲಿ ಹುದ್ದೆಯ ಬಲದಿಂದಲೇ ಅವರು ಸದಸ್ಯರು. ಈ ಕುರ್ಚಿಯಲ್ಲಿ ಕೂತವರಿಂದ ಒಮ್ಮೆ ಸರ್ಕಾರದ ತಲೆಯೇ ಬದಲಾಗಿದೆ. 1982ರಲ್ಲಿ ನ್ಯಾಯಾಂಗ ಸಚಿವರಾಗಿದ್ದ ಶಾನ್ ಡೊಹರ್ಟಿ 1989ರಲ್ಲಿ ಸಭಾಪತಿಯಾದವರು. ತಮ್ಮ ಸಚಿವಗಿರಿಯ ಕಾಲದಲ್ಲಿ ಪತ್ರಕರ್ತರ ದೂರವಾಣಿ ಕದ್ದಾಲಿಕೆ ನಡೆದದ್ದು ಪ್ರಧಾನಿ ಹಾಹಿಗೆ ಗೊತ್ತಿತ್ತು ಎಂದು 1992ರ ಜನವರಿಯಲ್ಲಿ ಅವರು ಬಹಿರಂಗವಾಗಿ ಹೇಳಿದರು. ಹಾಹಿ ಅದನ್ನು ಅಲ್ಲಗಳೆದರು, ಆದರೂ ಮುಂದಿನ ತಿಂಗಳು ಅಧಿಕಾರ ಬಿಟ್ಟರು. ಡೊಹರ್ಟಿಯೂ ಸಭಾಪತಿ ಸ್ಥಾನ ತೊರೆದರು.

1938ರಿಂದ ಈವರೆಗೆ ಈ ಹುದ್ದೆಗೇರಿದ ಮಹಿಳೆ ಒಬ್ಬರೇ. ಫಿಯಾನ ಫಾಲ್‌ನ ಟ್ರಾಸ್ ಹೊನಾನ್ 1982ರಲ್ಲಿ ಮತ್ತು ಮತ್ತೊಮ್ಮೆ 1987ರಲ್ಲಿ ಸಭಾಪತಿಯಾಗಿದ್ದರು. ಮೇರಿ ರಾಬಿನ್ಸನ್ ಇಪ್ಪತ್ತೈದರ ವಯಸ್ಸಿನಲ್ಲಿ ಟ್ರಿನಿಟಿಯಿಂದ ಆಯ್ಕೆಯಾಗಿ 1969ರಿಂದ 1989ರವರೆಗೆ ಕೂತ ಸದನ ಇದು. ಗರ್ಭನಿರೋಧಕಗಳ ಮೇಲಿನ ನಿಷೇಧವನ್ನು ಸಡಿಲಿಸುವ ಮಸೂದೆಯನ್ನು 1971ರಲ್ಲಿ ಅವರು ತಂದಾಗ ಮಂಡನೆಗೇ ಅವಕಾಶ ಕೊಡದ ಸದನವೂ ಇದೇ. ಅವರು 1990ರಲ್ಲಿ ದೇಶದ ಅಧ್ಯಕ್ಷರಾದರು. ಅಂಥ ಪರಂಪರೆಯಿರುವ ಸದನದ ಸಭಾಪತಿ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಒಂದೇ ಇರುವುದಕ್ಕೆ ಯೋಗ್ಯತೆಯ ಕೊರತೆ ಕಾರಣವಾಗಿರಲಾರದು. ಆ ಸ್ಥಾನವನ್ನು ಪಕ್ಷದೊಳಗಿನ ಹಿರಿತನ ಮತ್ತು ಹಂಚಿಕೆಯ ಆಧಾರದ ಮೇಲೆ ಕೊಡುವ ಪದ್ಧತಿಯೇ ಕಾರಣ.

ಈಗಿನ ಸಭಾಪತಿಯ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಕೆರಿ ಕೌಂಟಿಯ ಮಾರ್ಕ್ ಡೇಲಿ 2007ರಿಂದ ಶಾನಡ್‌ನಲ್ಲಿದ್ದಾರೆ, 2020ರಿಂದ 2022ರವರೆಗೂ ಸಭಾಪತಿಯಾಗಿದ್ದರು. ಐರಿಷ್ ಸಂಜ್ಞಾ ಭಾಷೆಗೆ ಕಾನೂನಿನ ಮಾನ್ಯತೆ ತಂದ 2017ರ ಕಾಯ್ದೆ ಅವರು ಸದಸ್ಯರಾಗಿ ಮಂಡಿಸಿದ ಖಾಸಗಿ ಮಸೂದೆಯಿಂದ ಹುಟ್ಟಿದ್ದು. ಮಕ್ಕಳಿರುವ ಕಾರಿನಲ್ಲಿ ಧೂಮಪಾನ ನಿಷೇಧಿಸಿದ 2014ರ ಕಾಯ್ದೆಯ ಹಿಂದೆಯೂ ಕ್ಯಾನ್ಸರ್ ತಜ್ಞ ಜಾನ್ ಕ್ರೌನ್ ಮತ್ತು ವಾನ್ ಟರ್ನ್‌ಹೌಟ್ ಜೊತೆ ಅವರಿದ್ದರು. ಮೂವರು ಸೆನೆಟರ್‌ಗಳು ಪಕ್ಷಭೇದ ಮರೆತು ಒಂದು ಮಸೂದೆಯನ್ನು ಕೊನೆಯವರೆಗೆ ಹಿಂಬಾಲಿಸಿದರೆ ಏನಾಗಬಹುದು ಎಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಸಭಾನಾಯಕನ ಹುದ್ದೆ ಇನ್ನೊಂದು ಬಗೆಯದು. ಅದಕ್ಕೆ ನೇಮಿಸುವವರು ಪ್ರಧಾನಿ. ಸರ್ಕಾರದ ಕಾರ್ಯಸೂಚಿಯನ್ನು ಸದನದಲ್ಲಿ ನಡೆಸಿಕೊಡುವುದು ಅವರ ಕೆಲಸ. ದಿನದ ಕಲಾಪ ನಿರ್ಧಾರದ ಹೊತ್ತಿನಲ್ಲಿ ಸದಸ್ಯರು ತಮ್ಮೂರಿನ ಆಸ್ಪತ್ರೆಯಿಂದ ಹಿಡಿದು ಗಾಜಾದವರೆಗೆ ಯಾವ ವಿಷಯವನ್ನಾದರೂ ಎತ್ತುತ್ತಾರೆ, ಎಲ್ಲಕ್ಕೂ ಕೊನೆಯಲ್ಲಿ ಉತ್ತರ ಹೇಳುವವರು ಸಭಾನಾಯಕರು. ಇತ್ತೀಚಿನ ನಾಲ್ವರು ಸಭಾನಾಯಕರನ್ನು ಸಾಲಾಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 2016ರಲ್ಲಿ ಬಂದ ಜೆರಿ ಬಟಿಮರ್ ಅದೇ ವರ್ಷ ಕಾರ್ಕ್‌ನಲ್ಲಿ ಡಾಲ್ ಸ್ಥಾನ ಕಳೆದುಕೊಂಡವರು. 2020ರಲ್ಲಿ ಬಂದ ರೆಜೈನಾ ಡೊಹರ್ಟಿ ಆ ವರ್ಷ ಮೀತ್ ಈಸ್ಟ್‌ನಲ್ಲಿ ಸೋತವರು. 2022ರ ಕೊನೆಗೆ ಬಂದ ಲೀಸಾ ಚೇಂಬರ್ಸ್ 2020ರಲ್ಲಿ ಮೇಯೋದಲ್ಲಿ ಸೋತವರು. ಈಗಿನ ಶಾನ್ ಕೈನ್ ಅದೇ ಚುನಾವಣೆಯಲ್ಲಿ ಗಾಲ್ವೆ ವೆಸ್ಟ್‌ನಲ್ಲಿ ಸ್ಥಾನ ಕಳೆದುಕೊಂಡ ಮಾಜಿ ಮುಖ್ಯ ಸಚೇತಕರು. ಇವರು ಅಸಮರ್ಥರೆಂದು ನಾನು ಹೇಳುತ್ತಿಲ್ಲ. ಸಂಸದೀಯ ಅನುಭವದಲ್ಲಿ ನಾಲ್ವರೂ ಗಟ್ಟಿಗರು. ಬಟಿಮರ್ ಮುಂದೆ ಸಭಾಪತಿಯಾಗಿ, 2024ರಲ್ಲಿ ಮತ್ತೆ ಡಾಲ್ ಗೆದ್ದರು. ಆದರೆ ಕೆಳಮನೆಗೆ ಮರಳುವ ಹಂಬಲವಿರುವ ನಾಯಕರು ಮೇಲ್ಮನೆಯನ್ನು ನಡೆಸುತ್ತಿರುವಾಗ, ಆ ಮನೆ ಸರ್ಕಾರಕ್ಕೆ ಎದುರಾಗಿ ತನ್ನದೇ ನಿಲುವು ತಾಳುವುದು ಕಷ್ಟ. ನಮ್ಮಲ್ಲಿ ‘ಚಿಂತಕರ ಚಾವಡಿ’ ಎನಿಸಿಕೊಂಡ ಪರಿಷತ್ತನ್ನು ಪುನರ್ವಸತಿ ಕೇಂದ್ರವೆಂದು ಜನ ಆಡಿಕೊಳ್ಳುವುದೂ ಇಂಥದೇ ಕಾರಣಕ್ಕೆ.

ಹೀಗಿರುವುದರಿಂದ ಶಾನಡ್ ಸರ್ಕಾರದ ಮಸೂದೆಯನ್ನು ತಿರಸ್ಕರಿಸುವುದು ಬಹಳ ಅಪರೂಪ. ಸಾಮಾನ್ಯ ಮಸೂದೆಯನ್ನು ಅದು 90 ದಿನ ತಡೆಯಬಹುದು, ಹಣಕಾಸು ಮಸೂದೆಯ ಮೇಲೆ 21 ದಿನಗಳೊಳಗೆ ಶಿಫಾರಸು ಮಾಡಬಹುದು, ಅಷ್ಟೇ. 1938ರಿಂದ ಅದು ಎರಡು ಮಸೂದೆಗಳನ್ನು ಮಾತ್ರ ತಿರಸ್ಕರಿಸಿದೆ. ಅವುಗಳಲ್ಲಿ ಒಂದು 1964ರ ಗಿರವಿ ವ್ಯಾಪಾರದ ಮಸೂದೆ. ಇನ್ನೊಂದು ಚರಿತ್ರಾರ್ಹವಾದುದು: ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ರದ್ದುಪಡಿಸುವ 1959ರ ಸಂವಿಧಾನ ತಿದ್ದುಪಡಿ. ಒಂದೇ ಮತದ ಅಂತರದಲ್ಲಿ ಶಾನಡ್ ಅದನ್ನು ತಳ್ಳಿಹಾಕಿತು. ಡಾಲ್ ಅದನ್ನು ಮೀರಿ ಜನಮತಗಣನೆಗೆ ಒಯ್ದಾಗ ಜನರೂ ತಿರಸ್ಕರಿಸಿದರು. ಮೇಲ್ಮನೆಯ ಅನುಮಾನವೇ ಜನರ ಅನುಮಾನವೂ ಆಗಿತ್ತು ಎಂಬುದನ್ನು ಮರೆಯಬಾರದು.

ಸದಸ್ಯರ ಮೇಲೆ ಸಚೇತಕರ ಹಿಡಿತ ಎಷ್ಟಿದೆ ಎಂಬುದು 2013ರ ಜುಲೈನಲ್ಲಿ ಸ್ಪಷ್ಟವಾಗಿ ಕಂಡಿತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ, ಗರ್ಭಪಾತಕ್ಕೆ ಮಾಡಿಕೊಂಡ ಕೋರಿಕೆ ಈಡೇರದೆ, ಸೋಂಕಿನಿಂದ ತೀರಿಕೊಂಡ ಸುದ್ದಿ ಕರ್ನಾಟಕವನ್ನೂ ಐರ್ಲೆಂಡನ್ನೂ ಒಟ್ಟಿಗೆ ತಲ್ಲಣಗೊಳಿಸಿತ್ತು. ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯ್ದೆ ಮರುವರ್ಷ ಶಾನಡ್‌ಗೆ ಬಂದಾಗ, ಅದನ್ನು ವಿರೋಧಿಸಿದ ಫಿನ ಗೇಲ್‌ನ ಇಬ್ಬರು ಸೆನೆಟರ್‌ಗಳನ್ನು ಪಕ್ಷ ತನ್ನ ಸಂಸದೀಯ ಗುಂಪಿನಿಂದ ಹೊರಗಿಟ್ಟಿತು. ಆ ಕಾಯ್ದೆ ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದು ಬರಲು ಒಂದು ಜೀವ ಹೋಗಬೇಕಾಯಿತು ಎಂಬ ನೋವು ಇಂದಿಗೂ ಆರಿಲ್ಲ. ಅದರ ಜೊತೆಗೇ ಹೇಳಬೇಕಾದದ್ದು, ಮರುಪರಿಶೀಲನೆಗಾಗಿ ಇರುವ ಸದನದಲ್ಲಿ ಆತ್ಮಸಾಕ್ಷಿಯ ವಿಷಯಕ್ಕೂ ಸಚೇತಕಾಜ್ಞೆ ಹೊರಡುತ್ತದಾದರೆ ಆ ಸದನ ಕೆಳಮನೆಯ ಇನ್ನೊಂದು ಪ್ರತಿಯಾಗುತ್ತದೆ.

ಅದೇ ವರ್ಷದ ಅಕ್ಟೋಬರ್ 4ರಂದು ಶಾನಡ್ ಉಳಿಯಬೇಕೇ ಎಂಬ ಪ್ರಶ್ನೆ ಜನರ ಮುಂದೆ ಬಂತು. ಎಂಡಾ ಕೆನಿ 2009ರಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದಾಗಲೇ ಅದನ್ನು ರದ್ದುಪಡಿಸುವ ಮಾತು ಕೊಟ್ಟಿದ್ದರು. ವರ್ಷಕ್ಕೆ 2 ಕೋಟಿ ಯೂರೊ ಉಳಿತಾಯ, ಕಡಿಮೆ ರಾಜಕಾರಣಿಗಳು ಎಂಬುದು ಪ್ರಚಾರದ ಘೋಷಣೆ. ಸಾಲದ ಬಿಕ್ಕಟ್ಟಿನಿಂದ ಬಳಲಿದ್ದ ದೇಶದಲ್ಲಿ ಅದು ಸುಲಭವಾಗಿ ಗೆಲ್ಲುತ್ತದೆಂದು ಹೆಚ್ಚಿನವರು ಭಾವಿಸಿದ್ದರು. ಮಾಜಿ ನ್ಯಾಯಾಂಗ ಸಚಿವ ಮೈಕೆಲ್ ಮೆಕ್‌ಡವೆಲ್, ಉದ್ಯಮಿ ಸೆನೆಟರ್ ಫರ್ಗಲ್ ಕ್ವಿನ್, ಸೆನೆಟರ್ ಕ್ಯಾಥರೀನ್ ಜ್ಯಾಪೋನ್ ಮುಂತಾದವರು ‘ರದ್ದು ಬೇಡ, ಸುಧಾರಣೆ ಬೇಕು’ ಎಂದು ನಿಂತರು. ಶೇ 39ರಷ್ಟು ಮಂದಿ ಮತ ಹಾಕಿದರು. ಶೇ 51.7ರಷ್ಟು ಮತಗಳು ರದ್ದತಿಯ ವಿರುದ್ಧ ಬಿದ್ದವು. ಅಂತರ ಸುಮಾರು 42,500 ಮತ. ಜನ ಅಂದು ಕೊಟ್ಟ ತೀರ್ಪನ್ನು ಈಗಿನ ಶಾನಡ್‌ಗೆ ಸಿಕ್ಕ ಒಪ್ಪಿಗೆ ಎಂದು ಓದುವುದು ತಪ್ಪು. ಉಳಿಸಿ, ಸರಿಪಡಿಸಿ ಎಂಬುದು ಆ ಪ್ರಚಾರದ ಉದ್ದಕ್ಕೂ ಕೇಳಿಬಂದ ಮಾತು. ಅದರ ಮೊದಲರ್ಧ ಮಾತ್ರ ಜಾರಿಯಾಯಿತು.

ವರದಿಗಳಿಗೆ ಕೊರತೆಯಿಲ್ಲ, 1937ರಿಂದ ಹತ್ತಕ್ಕೂ ಹೆಚ್ಚು ಬಂದಿವೆ. ಇತಿಹಾಸಕಾರ ಮಾರಿಸ್ ಮ್ಯಾನಿಂಗ್ ನೇತೃತ್ವದ ಸಮಿತಿಯ 2015ರ ವರದಿ ಅವುಗಳಲ್ಲಿ ಹೆಚ್ಚು ಪ್ರಾಯೋಗಿಕವಾದುದು. ಪಟ್ಟಿಗಳ 43 ಸ್ಥಾನಗಳಲ್ಲಿ 30ಕ್ಕೆ ಎಲ್ಲ ನಾಗರಿಕರೂ ಮತ ಹಾಕಲಿ, ವಿಶ್ವವಿದ್ಯಾಲಯದ ಆರೂ ಸೇರಿ 36 ಸ್ಥಾನ ಜನರಿಂದ ಬರಲಿ, 13 ಸ್ಥಾನ ಮಾತ್ರ ಕೌನ್ಸಿಲರ್ ಮತ್ತು ಸಂಸದರಿಗೆ ಉಳಿಯಲಿ, ಪ್ರಧಾನಿಯ 11 ಹಾಗೇ ಇರಲಿ ಎಂದು ಅದು ಹೇಳಿತು. ಈ ವರದಿಯ ತಿರುಳು ಇನ್ನೊಂದು ಅಂಶದಲ್ಲಿದೆ: ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ. ಪಟ್ಟಿಗಳು ಐದು ಇರಬೇಕು, ಪ್ರತಿ ಪಟ್ಟಿಯಿಂದ 5ರಿಂದ 11 ಮಂದಿ ಬರಬೇಕು, ಮತದಾನ ಗುಪ್ತವಾಗಿ ಅಂಚೆಯಲ್ಲಿ ನಡೆಯಬೇಕು ಎಂಬಷ್ಟನ್ನು ಸಂವಿಧಾನ ಹೇಳುತ್ತದೆ. ಆ ಪಟ್ಟಿಗಳಿಗೆ ಮತ ಹಾಕುವವರು ಕೌನ್ಸಿಲರ್‌ಗಳೇ ಆಗಿರಬೇಕೆಂದು ಹೇಳುವುದು 1947ರ ಒಂದು ಸಾಮಾನ್ಯ ಕಾಯ್ದೆ. ಮೆಕ್‌ಡವೆಲ್ ನೇತೃತ್ವದ ಅನುಷ್ಠಾನ ಸಮಿತಿ 2018ರ ಡಿಸೆಂಬರ್‌ನಲ್ಲಿ ಮಸೂದೆಯ ಕರಡನ್ನೇ ಬರೆದುಕೊಟ್ಟಿತು. ಆ ಕರಡು ಕಾನೂನಾಗಿಲ್ಲ. ಇದರ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಮಸೂದೆಗೆ ಮತ ಹಾಕಬೇಕಾದ ಸೆನೆಟರ್‌ಗಳು ಕೌನ್ಸಿಲರ್‌ಗಳ ಮತದಿಂದ ಬಂದವರು, ಕೌನ್ಸಿಲರ್‌ಗಳು ಪಕ್ಷದ ಬೇರುಗಳು, ಅವರಿಗಿರುವ ಒಂದು ದೊಡ್ಡ ಹಕ್ಕನ್ನು ಕಸಿಯಲು ಯಾವ ಪಕ್ಷದ ನಾಯಕತ್ವಕ್ಕೂ ಮನಸ್ಸಿಲ್ಲ.

ವಿಶ್ವವಿದ್ಯಾಲಯ ಸ್ಥಾನಗಳಲ್ಲಿ ಆದ ಬದಲಾವಣೆಯೂ ರಾಜಕಾರಣಿಗಳ ಇಚ್ಛೆಯಿಂದ ಆದದ್ದಲ್ಲ. ಉಳಿದ ಉನ್ನತ ಶಿಕ್ಷಣ ಸಂಸ್ಥೆಗಳ ಪದವೀಧರರಿಗೂ ಮತದ ಹಕ್ಕು ವಿಸ್ತರಿಸಲು 1979ರ ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟಿದ್ದರು. 44 ವರ್ಷ ಯಾವ ಸರ್ಕಾರವೂ ಕಾನೂನು ತರಲಿಲ್ಲ. ಲಿಮರಿಕ್ ವಿಶ್ವವಿದ್ಯಾಲಯದ ಪದವೀಧರರೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2023ರ ಮಾರ್ಚ್ 31ರಂದು ಸುಪ್ರೀಂ ಕೋರ್ಟ್ ಹಳೆಯ ವ್ಯವಸ್ಥೆ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. 2024ರ ಕಾಯ್ದೆ ಎರಡು ವಿಶ್ವವಿದ್ಯಾಲಯ ಕ್ಷೇತ್ರಗಳನ್ನು ತೆಗೆದು ಆರು ಸ್ಥಾನಗಳ ಒಂದೇ ಉನ್ನತ ಶಿಕ್ಷಣ ಕ್ಷೇತ್ರ ರಚಿಸಿತು. 2025ರ ಜನವರಿಯ ಚುನಾವಣೆ ಮಾತ್ರ ಹಳೆಯ ಪದ್ಧತಿಯಲ್ಲೇ ನಡೆದು, ನ್ಯಾಷನಲ್ ಯೂನಿವರ್ಸಿಟಿಯಿಂದ ಮೆಕ್‌ಡವೆಲ್, ರೋನನ್ ಮಲನ್, ಆಲಿಸ್ ಮೇರಿ ಹಿಗಿನ್ಸ್, ಟ್ರಿನಿಟಿಯಿಂದ ಟಾಮ್ ಕ್ಲೋನನ್, ಲಿನ್ ರುವಾನ್, ಆಬ್ರಿ ಮೆಕಾರ್ಥಿ ಗೆದ್ದರು. ಆ ಕ್ರಮದಲ್ಲಿ ನಡೆದ ಕೊನೆಯ ಸಾರ್ವತ್ರಿಕ ಶಾನಡ್ ಚುನಾವಣೆ ಅದು. ಮುಂದಿನ ಸಲ ಪದವೀಧರರ ಪಟ್ಟಿ ಬಹಳ ಹಿಗ್ಗಲಿದೆ. ಅದು ಸ್ವಾಗತಾರ್ಹವಾದರೂ, ಪದವಿಯಿಲ್ಲದ ನಾಗರಿಕರಿಗೆ ಅದರಿಂದ ಏನೂ ಬರುವುದಿಲ್ಲ.

ಸದಸ್ಯತ್ವದ ಪ್ರಶ್ನೆ ಬರೀ ಪ್ರತಿಷ್ಠೆಯದಲ್ಲ ಎಂಬುದನ್ನು 2025ರ ಶರತ್ಕಾಲದ ಅಧ್ಯಕ್ಷ ಚುನಾವಣೆಯೂ ನೆನಪಿಸಿತು. ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ಸಂಸತ್ತಿನ 20 ಸದಸ್ಯರ ಸೂಚನೆ ಒಂದು ಮುಖ್ಯ ದಾರಿ, ಆ ಲೆಕ್ಕದಲ್ಲಿ ಸೆನೆಟರ್‌ನ ಸಹಿಗೂ ಡಾಲ್ ಸದಸ್ಯರ ಸಹಿಗೂ ಒಂದೇ ತೂಕ. ಅಕ್ಟೋಬರ್ 24ರ ಮತದಾನದಲ್ಲಿ ಗೆದ್ದ ಕ್ಯಾಥರೀನ್ ಕಾನಲಿ ಎರಡೂ ಸದನಗಳ ವಿರೋಧ ಪಕ್ಷೀಯರ ಮತ್ತು ಪಕ್ಷೇತರರ ಬೆಂಬಲದಿಂದ ಕಣಕ್ಕಿಳಿದವರು. ಅಧ್ಯಕ್ಷರನ್ನು ಆರಿಸುವ ಚುನಾವಣೆಯಲ್ಲಿ ಎಲ್ಲ ವಯಸ್ಕ ನಾಗರಿಕರಿಗೂ ಮತವಿದೆ, ಯಾರು ಅಭ್ಯರ್ಥಿಯಾಗಬಹುದು ಎಂದು ನಿರ್ಧರಿಸುವವರಲ್ಲಿ 43 ಮಂದಿಯನ್ನು ಆರಿಸುವಾಗ ಅದೇ ನಾಗರಿಕರಿಗೆ ಮತವಿಲ್ಲ.

1947ರ ಕಾಯ್ದೆಯ ತಿದ್ದುಪಡಿಗೆ ಬೇಕಾದದ್ದು ಎರಡೂ ಸದನಗಳಲ್ಲಿ ಸರಳ ಬಹುಮತ. ಶಾನಡ್‌ನಲ್ಲಿ ಎರಡು ಆಡಳಿತ ಪಕ್ಷಗಳಿಗೆ 37 ಮತಗಳಿವೆ. ಬಹುಮತಕ್ಕೆ 31 ಸಾಕು. ಕಾರ್ಯಸೂಚಿ ಸಭಾನಾಯಕ ಶಾನ್ ಕೈನ್ ಅವರ ಕೈಯಲ್ಲಿದೆ. ಖಾಸಗಿ ಸದಸ್ಯರಾಗಿ ಮಸೂದೆ ತಂದು ಕಾನೂನು ಮಾಡಿಸಿದ ಅನುಭವ ಸಭಾಪತಿ ಮಾರ್ಕ್ ಡೇಲಿ ಅವರಿಗಿದೆ. ಕರಡು 2018ರಿಂದಲೂ ಸಿದ್ಧವಿದೆ. ಸಂವಿಧಾನವಾಗಲಿ, ನ್ಯಾಯಾಲಯವಾಗಲಿ, ಖಜಾನೆಯಾಗಲಿ ಇದಕ್ಕೆ ಅಡ್ಡಿಯಾಗಿಲ್ಲ.